ಮಾವ ಮಾತಾಡದ ನಲವತ್ತೈದು ದಿನ

ಫೆಬ್ರವರಿ 3, ಸೋಮವಾರ

ಮಾವ ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದರು. ಗಂಟಲಿನೊಳಗೆ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ಕೆಟ್ಟದ್ದೇನಲ್ಲವಂತೆ. ಆದರೆ ನಲವತ್ತೈದು ದಿನ ಒಂದು ಮಾತೂ ಆಡಬಾರದು. "ಪಿಸುಗುಟ್ಟೋದೂ ಬೇಡ. ಒಂದು ಸಲ ಜೋರಾಗಿ ಕೂಗಿದ್ರೂ ಇರೋ ದನಿ ಪೂರ್ತಿ ಹೋಗುತ್ತೆ, ಮತ್ತೆ ಬರಲ್ಲ" ಅಂತ ಡಾಕ್ಟರು ಅತ್ತೆಗೆ ಎರಡೆರಡು ಸಲ ಹೇಳಿ ಕಳಿಸಿದ್ದಾರೆ. ಮಾವನಿಗೆ ಹೇಳಿ ಉಪಯೋಗವಿಲ್ಲ ಅಂತ ಅವರಿಗೂ ಎರಡೇ ದಿನದಲ್ಲಿ ಗೊತ್ತಾಗಿರಬೇಕು.

ಅತ್ತೆ ಮಾವನ ಕೊರಳಿಗೆ ಒಂದು ಸ್ಲೇಟು ತೂಗುಹಾಕಿದರು. "ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮಾತಿನ ಸರದಿ ಬಂತು ನೋಡ್ರೀ" ಅಂತ ನಕ್ಕರು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆಯುವ ಪಾತ್ರೆ ಒಂದೂ ಇಲ್ಲದಿದ್ದರೂ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದರು.

ಮನೆ ಎಷ್ಟು ಸುಮ್ಮನಿದೆ ಅಂದರೆ ಗಡಿಯಾರದ ಸದ್ದು ಕೇಳುತ್ತಿದೆ. ನಾನು ಈ ಮನೆಗೆ, ಅಮ್ಮನ ಅಣ್ಣನ ಮನೆಗೆ, ಬಂದು ಹನ್ನೆರಡು ವರ್ಷವಾಯಿತು. ನಮ್ಮ ಗಡಿಯಾರಕ್ಕೆ ಸದ್ದಿದೆ ಅಂತ ಇವತ್ತೇ ಗೊತ್ತಾಗಿದ್ದು. ಅದಕ್ಕೇ ಏನಾದರೂ ಬರೆಯೋಣ ಅಂತ ಕೂತೆ.

ಫೆಬ್ರವರಿ 5, ಬುಧವಾರ

ಮನೆಯ ಮುಂದಿನ ನಮ್ಮ ಫೋಟೋ ಸ್ಟುಡಿಯೋವನ್ನು ಮತ್ತೆ ತೆರೆದೆವು. ನಾನು ಎಂದಿನ ಹಾಗೆ ಪರದೆಯ ಹಿಂದಿನ ಕೋಣೆಯಲ್ಲಿ, ಕಟರಿನ ಮುಂದೆ. ಐದನೇ ಕ್ಲಾಸು ಮುಗಿದು ಇಲ್ಲಿಗೆ ಬಂದಾಗಿನಿಂದ ನನ್ನ ಜಾಗ ಅದೇ. ಮಾವ ತೆಗೆದ ಫೋಟೋಗಳನ್ನು ಕತ್ತರಿಸುವುದು, ಅಂಟಿಸುವುದು, ಕವರಿಗೆ ಹಾಕುವುದು. ಜನರ ಮುಂದೆ ಬರಬೇಕಾಗಿಲ್ಲ. ಶಾಲೆಯಲ್ಲೂ ಉತ್ತರ ಗೊತ್ತಿದ್ದೇ ಎದ್ದು ನಿಂತರೂ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಸದ್ದಿಲ್ಲದೆ ಒಳಗೆ ಕೂತು ಕಾಗದ ಕತ್ತರಿಸುತ್ತೇನೆ ಅಂತ ಮಾವ ನನ್ನನ್ನು ಇಲಿಮರಿ ಅಂತ ಕರೆಯುತ್ತಾರೆ. ಕರೆಯುತ್ತಿದ್ದರು.

ಮೊದಲ ಗಿರಾಕಿ ಸ್ಟೂಲಿನ ಮೇಲೆ ಕೂತರು. ಮಾವ ಸ್ಲೇಟಿನಲ್ಲಿ "ಗಲ್ಲ ಸ್ವಲ್ಪ ಕೆಳಗೆ" ಅಂತ ಬರೆದು ತೋರಿಸಿದರು. ಆ ಮನುಷ್ಯ ಕನ್ನಡಕ ಹುಡುಕಿ, ಹಾಕಿಕೊಂಡು, ಮುಂದಕ್ಕೆ ಬಗ್ಗಿ ಓದಿದರು. ಅಷ್ಟರಲ್ಲಿ ಕೂತ ಭಂಗಿಯೆಲ್ಲ ಹೋಯಿತು. ಮಾವ ಚಿಟಿಕೆ ಹೊಡೆದರು, ಕೈ ಬೀಸಿದರು. ಗಿರಾಕಿ ಹೆದರಿದ ಹಾಗೆ ನೋಡಿದರು. ಪ್ರಿಂಟಿನಲ್ಲಿ ಮುಖ ಹಲಗೆಯ ಹಾಗೆ ಬಂತು. ಎರಡನೆಯವರದ್ದೂ ಹಾಗೇ.

"ನೀವು ತೆಗೀರಿ, ನಾನು ಬೇಕಾದ್ರೆ ಪರದೆ ಹಿಂದಿನಿಂದ ಹೇಳ್ತೀನಿ" ಅಂದೆ. ಮಾವ ತಲೆ ಅಲ್ಲಾಡಿಸಿ ಬರೆದರು: "ಜನ ಮಾತು ಬಂದ ಕಡೆ ನೋಡ್ತಾರೆ. ಕ್ಯಾಮೆರಾ ಹಿಡಿದೋರೇ ಮಾತಾಡಬೇಕು." ಸ್ಲೇಟು ಒರೆಸಿದರು. ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿದರು. ಮತ್ತೆ ಒಂದೇ ಪದ ಬರೆದರು: "ನೀನು."

ಇವತ್ತು ನನ್ನ ಕೈ ಎಷ್ಟು ನಡುಗಿತು ಅಂದರೆ ಮಾವ ಬಂದು ನನ್ನ ಎರಡೂ ಮೊಣಕೈಯನ್ನು ಹಿಡಿದು ಪಕ್ಕೆಗೆ ಒತ್ತಿಟ್ಟರು. ಉಸಿರು ಹೊರಗೆ ಬಿಟ್ಟು ತೋರಿಸಿದರು. ಉಸಿರು ಬಿಟ್ಟಾದ ಮೇಲೆ ಕ್ಯಾಮೆರಾದ ಗುಂಡಿ ಒತ್ತಬೇಕು. ಹಾಗೆ ಮಾಡಿದರೆ ಕೈ ನಿಲ್ಲುವುದು ನಿಜ.

ಫೆಬ್ರವರಿ 8, ಶನಿವಾರ

ಮೂರು ದಿನದಲ್ಲಿ ಹದಿನಾಲ್ಕು ಜನರ ಫೋಟೋ ತೆಗೆದೆ. ಮಾವ ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡಿದರು. ಆಮೇಲೆ ಸ್ಲೇಟು: "ಇದು ಮನುಷ್ಯನ ಫೋಟೋನಾ, ಗೋಡೆ ಫೋಟೋನಾ?"

ಎಲ್ಲದರಲ್ಲೂ ಮುಖ ನಿಂಬೆಹಣ್ಣಿನಷ್ಟಿತ್ತು. ಸುತ್ತ ಬರೀ ಪರದೆ.

"ಆಮೇಲೆ ಕತ್ತರಿಸಿದ್ರಾಯ್ತು ಅಂತ..." ಅಂದೆ.

ಮಾವ ಹಣೆ ಚಚ್ಚಿಕೊಂಡರು. ಹನ್ನೆರಡು ವರ್ಷ ಕಟರು ಹಿಡಿದವಳಿಗೆ ಇನ್ನೇನು ಹೊಳೆಯುತ್ತದೆ? ಅಂಚೆಲ್ಲ ಕತ್ತರಿಸಿ ಹೋಗುವ ಜಾಗ ಅಂತಲೇ ನನ್ನ ಲೆಕ್ಕ. ಮಾವ ಬಳಪದಿಂದ ನೆಲದ ಮೇಲೆ, ಸ್ಟೂಲಿನ ಮುಂದೆ ಒಂದು ಗೆರೆ ಎಳೆದರು. ಅಲ್ಲಿಂದ ಹಿಂದಕ್ಕೆ ಹೋಗಕೂಡದು. ಸೋಮವಾರ ಇನ್ನೊಂದು ಗೆರೆ, ಇನ್ನೂ ಹತ್ತಿರ. "ಕತ್ತರಿ ಕೆಲಸ ಕಾಲಿನಿಂದ ಮಾಡು" ಅಂತ ಬರೆದರು.

ಗೆರೆಯ ಮೇಲೆ ನಿಂತರೆ ಎದುರಿನವರ ರೆಪ್ಪೆಯ ಕೂದಲು ಕಾಣುತ್ತದೆ. ಅಷ್ಟು ಹತ್ತಿರದಿಂದ ಅಪರಿಚಿತರ ಮುಖವನ್ನು ನಾನು ನೋಡಿದ್ದು ಕಾಗದದಲ್ಲಿ ಮಾತ್ರ. ಕಾಗದ ತಿರುಗಿ ನನ್ನನ್ನು ನೋಡುತ್ತಿರಲಿಲ್ಲ.

ಫೆಬ್ರವರಿ 11, ಮಂಗಳವಾರ

ನೂಲಿನ ಮಿಲ್ಲಿನ ಹೊಸ ಮ್ಯಾನೇಜರು ಬಂದಿದ್ದರು. ವರ್ಷಕ್ಕೊಂದು ಸಲ ಮಿಲ್ಲಿನವರೆಲ್ಲರ ಗುಂಪು ಫೋಟೋ ಮಾವನೇ ತೆಗೆಯುವುದು. ಮೂವತ್ತೊಂದು ವರ್ಷದ ಮೂವತ್ತೊಂದು ಫೋಟೋ ಮಿಲ್ಲಿನ ಊಟದ ಹಾಲಿನಲ್ಲಿ ಸಾಲಾಗಿ ತೂಗುತ್ತಿವೆ. ಈ ಸಲ ಮಾರ್ಚ್ ಎಂಟಕ್ಕೆ.

"ನಿಮಗೆ ಹುಷಾರಿಲ್ವಂತೆ" ಅಂದರು ಮ್ಯಾನೇಜರು. "ತೊಂದರೆ ತಗೋಬೇಡಿ. ಈಗ ಯಾರ ಫೋನಲ್ಲಾದ್ರೂ ಚೆನ್ನಾಗೇ ಬರುತ್ತೆ. ನೂರ ಹನ್ನೆರಡು ಜನ, ಎರಡು ಪಾಳಿಯೋರೂ ಒಟ್ಟಿಗೆ ಸಿಗೋದು ಮಧ್ಯಾಹ್ನ ಎರಡು ಗಂಟೆಗೆ, ಹತ್ತೇ ನಿಮಿಷ. ಅಷ್ಟು ಜನಾನ ಕೂಗಿ ನಿಲ್ಲಿಸೋಕೆ ನಿಮ್ಮ ಕೈಲಿ... ಅಲ್ಲ, ನಿಮ್ಮ ಬಾಯಲ್ಲಿ ಆಗ್ಬೇಕಲ್ಲ."

ಮಾವನ ಕುತ್ತಿಗೆಯ ನರ ಉಬ್ಬಿದವು. ಬಾಯಿ ತೆರೆದೇಬಿಟ್ಟರು. ಅದೃಷ್ಟಕ್ಕೆ ಅತ್ತೆ ಚಹಾ ತಂದಿದ್ದರು. ತಟ್ಟೆ ಬಿಟ್ಟು ಓಡಿಬಂದು ಕೈಯಿಂದ ಮಾವನ ಬಾಯಿ ಮುಚ್ಚಿದರು. ಚಹಾ ಮ್ಯಾನೇಜರ ಬೂಟಿನ ಮೇಲೆ ಚೆಲ್ಲಿತು.

ಮಾವ ಸ್ಲೇಟಿನಲ್ಲಿ ಬಳಪ ಮುರಿಯುವ ಹಾಗೆ ಒತ್ತಿ ಬರೆದರು: "ನಾವೇ ತೆಗೀತೀವಿ."

ಮ್ಯಾನೇಜರು ಬೂಟು ಒರೆಸಿಕೊಳ್ಳುತ್ತ, "ಸರಿ, ನೋಡೋಣ. ಹತ್ತು ನಿಮಿಷದಲ್ಲಿ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಫೋನೇ" ಅಂದು ಹೋದರು.

ಅವರು ಹೋದ ಮೇಲೆ ಅತ್ತೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು, "ಇವರು ಅವತ್ತು ಅಲ್ಲಿಗೆ ಹೋದ್ರೆ ಕೂಗೇ ಕೂಗ್ತಾರೆ ಕಣೇ. ಬೇಡ ಅಂದ್ರೂ ಹೋಗ್ತಾರೆ. ಅವರು ಬಾಯಿ ತೆಗೆಯೋದಕ್ಕೆ ಮುಂಚೆ ನೀನು ಮುಗಿಸಿಬಿಡ್ಬೇಕು. ಇನ್ನೇನೂ ಕೇಳಲ್ಲ ನಿನ್ನ."

ನೂರ ಹನ್ನೆರಡು ಜನ. ನನಗೆ ಒಬ್ಬರಿಗೆ ಹೇಳಲೂ ಬರುವುದಿಲ್ಲ.

ಫೆಬ್ರವರಿ 13, ಗುರುವಾರ

ಮಾವನ ಮಾತುಗಳೆಲ್ಲ ನನಗೆ ಬಾಯಿಪಾಠ. ಪರದೆಯ ಹಿಂದೆ ಕೂತು ಕೇಳಿದ್ದೇ ಕೇಳಿದ್ದು. ಬಿಗಿಯಾಗಿ ಕೂತವರಿಗೆ, "ಉಸಿರಾಡಿ ಸ್ವಾಮಿ, ಗಾಳಿ ನಮ್ಮದೇ, ಬಾಡಿಗೆ ಇಲ್ಲ!" ಗಂಡ ಹೆಂಡತಿ ದೂರ ದೂರ ನಿಂತರೆ, "ಮಧ್ಯ ಯಾರಾದ್ರೂ ಬರೋರಿದ್ದಾರಾ?" ಅಷ್ಟು ಹೇಳಿದ ಕೂಡಲೇ ಆ ಕಡೆಯಿಂದ ನಗು, ನಗುವಿನ ಹಿಂದೆಯೇ ಕ್ಯಾಮೆರಾದ ಸದ್ದು. ಆ ಮೂರು ಸದ್ದು ಒಂದರ ಹಿಂದೆ ಒಂದು ಬರುವುದನ್ನು ಕೇಳುತ್ತ ನಾನು ದೊಡ್ಡವಳಾದೆ. ಈ ಮನೆಗೆ ಬಂದ ಹೊಸದರಲ್ಲಿ ಅಳು ಬಂದಾಗಲೆಲ್ಲ ಪರದೆಗೆ ಕಿವಿ ಕೊಡುತ್ತಿದ್ದೆ. ಇನ್ನೊಬ್ಬ ಗಿರಾಕಿ ಬರಲಿ, ಇನ್ನೊಂದು ಸಲ ಹೇಳಲಿ ಅಂತ ಕಾಯುತ್ತಿದ್ದೆ.

ಇವತ್ತು ಬಿಗಿಯಾಗಿ ಕೂತಿದ್ದ ಒಬ್ಬ ಮೇಷ್ಟ್ರಿಗೆ ಧೈರ್ಯ ಮಾಡಿ ಹೇಳಿದೆ, "ಉಸಿರಾಡಿ ಸ್ವಾಮಿ, ಗಾಳಿ ನಮ್ಮದೇ..."

"ಏನಂದ್ರಿ?"

"ಗಾಳಿ ನಮ್ಮದೇ..."

"ಫ್ಯಾನ್ ಹಾಕ್ಬೇಕಾ?"

"ಬಾಡಿಗೆ ಇಲ್ಲ ಸರ್."

"ಯಾವ ಬಾಡಿಗೆ?"

ಮೂಲೆಯಲ್ಲಿ ಮಾವ ಸ್ಲೇಟಿನಿಂದ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ನಗುವುದಕ್ಕೂ ಸದ್ದು ಬೇಕಲ್ಲ, ಪಾಪ.

ಫೆಬ್ರವರಿ 16, ಭಾನುವಾರ

ರಜೆ. ಅತ್ತೆ ಕಿಟಕಿಯ ಹತ್ತಿರ ಬಟಾಣಿ ಸುಲಿಯುತ್ತಿದ್ದರು. ಮಾವ ನನ್ನನ್ನು ಕರೆದು ಅತ್ತೆಯ ಕುರ್ಚಿಯನ್ನೇ ಎಳೆದಾಡಿದರು. ಕಿಟಕಿಗೆ ಬೆನ್ನು ಮಾಡಿ ಕೂರಿಸಿದಾಗ ಅತ್ತೆಯ ಮುಖ ಕಪ್ಪಾಯಿತು. ನೇರ ಕಿಟಕಿಗೆ ಮುಖ ಮಾಡಿಸಿದಾಗ ಚಪ್ಪಟೆಯಾಯಿತು. ಓರೆಯಾಗಿ, ಒಂದು ಕೆನ್ನೆಗೆ ಬೆಳಕು ಬಿದ್ದು ಇನ್ನೊಂದಕ್ಕೆ ಹರಿದು ಬರುವ ಹಾಗೆ ತಿರುಗಿಸಿದಾಗ ಅತ್ತೆಯ ಮುಖಕ್ಕೆ ಮೂಗು, ಕೆನ್ನೆ, ವಯಸ್ಸು ಎಲ್ಲ ಬಂತು.

"ನಾನೇನು ಸೋಫಾನೇನ್ರೀ, ಆ ಕಡೆ ಈ ಕಡೆ ಎಳೆಯೋಕೆ?" ಅಂದರು ಅತ್ತೆ. ಮಾವ ಬರೆದರು: "ಸೋಫಾ ಮಾತಾಡಲ್ಲ." ಅತ್ತೆ ಬಟಾಣಿ ಸಿಪ್ಪೆ ಎಸೆದರು. ಆಗ ತೆಗೆದೆ. ಇಷ್ಟು ದಿನದಲ್ಲಿ ನಾನು ತೆಗೆದದ್ದರಲ್ಲಿ ಒಳ್ಳೆಯದು ಅದೊಂದೇ.

ಮಧ್ಯಾಹ್ನ ಫೋಟೋ ತೊಳೆಯುತ್ತಿದ್ದ ಹಳೆಯ ಡಾರ್ಕ್‌ರೂಮಿಗೆ ಬಕೆಟ್ಟು ತೆಗೆದುಕೊಳ್ಳಲು ಹೋದೆ. ಈಗ ಅದು ಪೊರಕೆ, ಬಕೆಟ್ಟು ಇಡುವ ಜಾಗ. ಕೆಂಪು ಬಲ್ಬು ಇನ್ನೂ ಹಾಗೇ ಇದೆ, ಉರಿಯುವುದಿಲ್ಲ. ನಾನು ಬಂದ ಕಾಲಕ್ಕೆ ಮಾವ ಅದರ ಬೆಳಕಿನಲ್ಲಿ ಬಿಳಿ ಕಾಗದವನ್ನು ಔಷಧಿ ನೀರಿನಲ್ಲಿ ಅದ್ದಿ ಅಲ್ಲಾಡಿಸುತ್ತಿದ್ದರು. ನೋಡನೋಡುತ್ತ ಎಲ್ಲಿಂದಲೋ ಒಂದು ಹುಬ್ಬು ಬರುತ್ತಿತ್ತು, ಆಮೇಲೆ ತುಟಿ. "ಬಂದ್ರು ನೋಡು, ಬನ್ನಿ ಬನ್ನಿ" ಅಂತ ಮಾವ ಕಾಗದವನ್ನು ಉಪಚರಿಸುತ್ತಿದ್ದರು. ಅವರ ಬೆರಳಿಗೆ ಆಗ ಹುಳಿ ವಾಸನೆ ಇರುತ್ತಿತ್ತು. ಆ ವಾಸನೆ ಯಾವ ವರ್ಷ ಹೋಯಿತು ಅಂತ ನೆನಪಿಲ್ಲ. ಹೋಗುವಾಗ ಗಮನಿಸಲೇ ಇಲ್ಲ.

ಫೆಬ್ರವರಿ 20, ಗುರುವಾರ

ಇವತ್ತು ಒಂದು ಎಡವಟ್ಟು. ಬೀದಿಯ ಕೊನೆಯ ಅಂಗಡಿಯ ಟೈಲರು ಬಂದಿದ್ದರು. ನಾನು ಅವರನ್ನು ಎದುರಿಗೆ ನೋಡಿದ್ದು ಇದೇ ಮೊದಲು. ಆದರೆ ಅವರ ಫೋಟೋ ನಾಲ್ಕೈದು ಸಲ ಕತ್ತರಿಸಿದ್ದೇನೆ. ಸ್ಟೂಲಿನ ಮೇಲೆ ಕೂತ ತಕ್ಷಣ ನನ್ನ ಬಾಯಿಂದ ಬಂದೇಬಿಟ್ಟಿತು: "ಓ, ನೀವು ಎಡಗಿವಿ ಸ್ವಲ್ಪ ಮೇಲಿರೋರು!"

ಟೈಲರು ಕಿವಿ ಮುಟ್ಟಿಕೊಂಡರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನನ್ನ ಹೆಂಡ್ತಿಗೆ ಇಪ್ಪತ್ತು ವರ್ಷಕ್ಕೂ ಗೊತ್ತಾಗಿಲ್ಲ ಕಣಮ್ಮ ಇದು" ಅಂದರು ಅವರು. "ಕನ್ನಡಿ ಮುಂದೆ ನಿಂತು ಜನರ ಭುಜ ಅಳೀತೀನಿ, ನನ್ನ ಕಿವಿ ನಾನೇ ನೋಡಿಲ್ಲ!" ಅಂತ ಜೋರಾಗಿ ನಕ್ಕರು. ನಗು ಇಳಿಯುತ್ತಿತ್ತು, ಪೂರ್ತಿ ಇಳಿದಿರಲಿಲ್ಲ. ಆಗ ಒತ್ತಿದೆ. ನಗುವಿಗಿಂತ ನಗು ಮುಗಿದ ಮೇಲಿನ ಮುಖ ಚೆನ್ನಾಗಿರುತ್ತದೆ ಅಂತ ಕಂಡಿತು. ಸ್ವಲ್ಪ ಬಲಕ್ಕೆ ತಿರುಗಿಸಿ ಕೂರಿಸಿದ್ದರಿಂದ ಕಿವಿಗಳೂ ಸಮ ಆದವು.

ಮಾವ ಸ್ಲೇಟನ್ನು ತಿರುಗಿಸಿ ಹಿಡಿದರು. ಸ್ಲೇಟಿನ ಹಿಂಬದಿಗೆ ತಟ್ಟಿದರು, ಡೋಲು ಬಾರಿಸಿದ ಹಾಗೆ.

ಫೆಬ್ರವರಿ 24, ಸೋಮವಾರ

ಮಗುವಿನ ಫೋಟೋ. ನಾಲ್ಕಕ್ಕೆ ನಾಲ್ಕೂ ಅಲುಗಾಡಿದವು. ಮಗುವಿನ ತಾಯಿ, "ಮಾತಾಡೋಕೆ ಬರೋರು ಯಾರೂ ಇಲ್ವಾ ಇಲ್ಲಿ?" ಅಂತ ಎದ್ದು ಹೋದರು.

ನಾಳೆ ಸ್ಟುಡಿಯೋಗೆ ಹೋಗುವುದಿಲ್ಲ.

ಫೆಬ್ರವರಿ 25, ಮಂಗಳವಾರ

ಹೋಗಲಿಲ್ಲ. ಅತ್ತೆ ಏನೂ ಕೇಳದೆ ಬೀರುವಿನಿಂದ ಒಂದು ಕವರು ತಂದು ನನ್ನ ಮುಂದಿಟ್ಟರು. ಮಿಲ್ಲಿನ ಗುಂಪು ಫೋಟೋ, ಹದಿಮೂರು ವರ್ಷ ಹಿಂದಿನದು. ಅಮ್ಮ ಎರಡನೇ ಸಾಲಿನಲ್ಲಿದ್ದಾರೆ. ನೂಲು ಸುತ್ತುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಫೋಟೋ ನಾನು ನೋಡಿದ್ದೇ. ಅಮ್ಮನ ಕಣ್ಣು ಮುಚ್ಚಿದೆ.

"ಇವರು ಯಾಕೆ ಅಷ್ಟು ಕೂಗಾಡ್ತಾರೆ ಗೊತ್ತಾ ಗುಂಪು ತೆಗೆಯೋವಾಗ?" ಅಂದರು ಅತ್ತೆ. "ಆಗ ನಮ್ಮಲ್ಲಿ ಇನ್ನೂ ರೀಲೇ. ಅವತ್ತು ರೀಲಿನಲ್ಲಿ ಅದೇ ಕೊನೇದು. ತೊಳೆದು ನೋಡಿದ್ರೆ ತಂಗಿ ಕಣ್ಣು ಮುಚ್ಚಿದ್ದಾಳೆ. 'ಬಿಡು, ಬರೋ ವರ್ಷ ಚೆನ್ನಾಗಿ ತೆಗೀತೀನಿ' ಅಂದ್ರು. ಅವಳೂ ನಕ್ಕಳು. ಬರೋ ವರ್ಷ ಅವಳಿರ್ಲಿಲ್ಲ. ಆಮೇಲಿಂದ ನೋಡು, ಎಲ್ಲರ ಕಣ್ಣೂ ಮುಚ್ಚಿಸೋದು, ಮೂರು ಅಂದಾಗ ತೆಗೀರಿ ಅನ್ನೋದು. ಆಗಷ್ಟೇ ತೆರೆದ ಕಣ್ಣು ತಕ್ಷಣ ಮತ್ತೆ ಮುಚ್ಚಲ್ಲ ಅಂತ ಅವರೇ ಕಂಡುಕೊಂಡಿದ್ದು. ಅದೂ ಸಾಲದು ಅಂತ ಒಂದರ ಮೇಲೊಂದು ಎಂಟು ಹತ್ತು ತೆಗೀತಾರೆ. ಒಬ್ಬರ ಕಣ್ಣೂ ತಪ್ಪಬಾರದು."

ಮೂವತ್ತೊಂದು ಫೋಟೋಗಳಲ್ಲಿ ಅಮ್ಮ ಇರುವುದು ಮೂರರಲ್ಲಿ. ಉಳಿದೆರಡರಲ್ಲಿ ಕಣ್ಣು ತೆರೆದಿದೆ. ಆದರೂ ನನಗೆ ಈ ಮೂರನೆಯದೇ ಅಮ್ಮ ಅನ್ನಿಸುತ್ತದೆ. ಕೆಲಸದಿಂದ ಬಂದು ಗೋಡೆಗೆ ಒರಗಿ ಹೀಗೇ ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದರು. ನಾನು ಮಡಿಲಿನಲ್ಲಿ ಕೂತು ಅವರ ಸೀರೆಯ ಮೇಲಿನ ನೂಲಿನ ಎಳೆಗಳನ್ನು ಆರಿಸುತ್ತಿದ್ದೆ.

ಮಾವನಿಗೆ ಇದನ್ನು ಹೇಳಬೇಕು. ಯಾವತ್ತಾದರೂ.

ಫೆಬ್ರವರಿ 26, ಬುಧವಾರ

ಹೋದೆ. ಮೊನ್ನೆ ಎದ್ದು ಹೋದ ತಾಯಿಯನ್ನೂ ಮಗುವನ್ನೂ ಮಾವನೇ ಚೀಟಿ ಕಳಿಸಿ ಕರೆಸಿದ್ದರಂತೆ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಮಗುವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಟ್ಟು ತೆಗೆದೆ. ಮೇಲಿನಿಂದ ತೆಗೆದಾಗ ಬರೀ ತಲೆ ದಪ್ಪಗೆ ಕಾಣುತ್ತಿತ್ತು. ಈಗ ಮಗು ಒಬ್ಬ ಯಜಮಾನನ ಹಾಗೆ ಕಾಣುತ್ತದೆ. ಕಿಟಕಿಯ ಬೆಳಕು ಪೂರ್ತಿ ಬಿಟ್ಟುಕೊಂಡಿದ್ದರಿಂದ ಮಗು ಅಲುಗಾಡಿದ್ದೂ ಫೋಟೋದಲ್ಲಿ ಬೀಳಲಿಲ್ಲ. ತಾಯಿಗೆ, "ನೀವು ನನ್ನ ಹಿಂದೆ ಬಂದು ಕರೀರಿ ಅಕ್ಕಾ, ಆ ಕಡೆಯಿಂದ ಕರೆದ್ರೆ ಅವನು ಆ ಕಡೆಯೇ ನೋಡ್ತಾನೆ" ಅಂದೆ. ಬಂದು ನನ್ನ ಪಕ್ಕ ಅವರೂ ಮಲಗಿದರು.

ಮಾರ್ಚ್ 1, ಶನಿವಾರ

ಗುಂಪಿನ ಅಭ್ಯಾಸಕ್ಕೆ ಮಾವ ಅಡುಗೆಮನೆಯ ಡಬ್ಬಗಳನ್ನೆಲ್ಲ ಹಿತ್ತಿಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದರು. ಎತ್ತರದವು ಹಿಂದೆ, ಗಿಡ್ಡವು ಮುಂದೆ. ಒಂದರ ಹಿಂದೆ ನೇರ ಒಂದಿಟ್ಟರೆ ಹಿಂದಿನದು ಮುಚ್ಚಿಹೋಗುತ್ತದೆ. ಎರಡು ಭುಜಗಳ ನಡುವೆ ಒಂದು ಮುಖ ಬರಬೇಕು. ಅಂಚಿನ ಡಬ್ಬಗಳನ್ನು ಸ್ವಲ್ಪ ಒಳಕ್ಕೆ ತಿರುಗಿಸಿದರು. ಸಾಲು ನೆಟ್ಟಗಿದ್ದರೆ ಅಂಚಿನವರು ಹೊರಗೆ ಹೋಗುವವರ ಹಾಗೆ ಕಾಣುತ್ತಾರಂತೆ. ಕ್ಯಾಮೆರಾದ ಕಣ್ಣು ಮುಂದಿನ ಸಾಲಿನ ಮೇಲಲ್ಲ, ಎರಡನೇ ಸಾಲಿನ ಮೇಲೆ ನಿಲ್ಲಬೇಕು. ಒತ್ತುವ ಮುಂಚೆ ನಾಲ್ಕೂ ಮೂಲೆ ಒಮ್ಮೆ ಸುತ್ತಿ ಬರಬೇಕು.

"ಉಪ್ಪು ಎಲ್ಲಿ ಅಂದ್ರೆ ಫೋಟೋಗೆ ನಿಂತಿದೆ ಅಂತಾರೆ ಈ ಮನೇಲಿ" ಅಂದರು ಅತ್ತೆ. "ಅಡುಗೆ ಮಾಡ್ಲೋ ಬೇಡ್ವೋ? ಸಕ್ಕರೆ ಡಬ್ಬ ಕಣ್ಣು ಮುಚ್ಚಿದೆ, ಇನ್ನೊಂದು ತೆಗಿ!"

ಇಪ್ಪತ್ತಾರು ಡಬ್ಬಗಳೂ ಸುಮ್ಮನಿದ್ದವು. ನೂರ ಹನ್ನೆರಡು ಜನ ಹೀಗಿರುವುದಿಲ್ಲ ಅಂತ ನನಗೂ ಗೊತ್ತು, ಮಾವನಿಗೂ ಗೊತ್ತು. ಮಾವ ನೀರು ಕುಡಿಯುವಾಗಲೆಲ್ಲ ಗಂಟಲು ಸವರಿಕೊಂಡು ನೋಡುತ್ತಿದ್ದಾರೆ. ಅದು ಯಾವ ಯೋಚನೆ ಅಂತ ಅತ್ತೆಗೂ ತಿಳಿದಿದೆ.

ಮಾರ್ಚ್ 6, ಗುರುವಾರ

ಬೆಳಕು ನೋಡಲು ಎರಡು ಗಂಟೆಗೆ ಸರಿಯಾಗಿ ಮಿಲ್ಲಿಗೆ ಹೋದೆ. ಫೋಟೋ ತೆಗೆಯುವ ಜಾಗವನ್ನು ತೆಗೆಯುವ ಹೊತ್ತಿಗೇ ಮುಂಚೆ ಒಮ್ಮೆ ನೋಡಬೇಕು ಅಂತ ಮಾವ ಬರೆದಿದ್ದರು. ಪ್ರತಿವರ್ಷ ನಿಲ್ಲಿಸುತ್ತಿದ್ದ ಗೋಡೆಯ ಎದುರು ಈಗ ಲಾರಿಗಳಿಗೆ ತಗಡಿನ ಶೆಡ್ಡು ಬಂದಿದೆ. ಬಿಸಿಲು ತಗಡಿಗೆ ಬಡಿದು ಗೋಡೆಯ ಮೇಲೆ ಬೀಳುತ್ತದೆ. ಅಲ್ಲಿ ನಿಂತರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ.

ಗೇಟಿನಲ್ಲಿ ಕಾವಲುಗಾರ ತಾತ ಕೂತಿದ್ದರು. "ತಾತಾ, ಎರಡು ಗಂಟೆಗೆ ಇಲ್ಲಿ ನೆರಳು ಎಲ್ಲಿರುತ್ತೆ?" ಅಂತ ಕೇಳಿದೆ.

"ನನ್ನ ಕುರ್ಚಿ ಎಲ್ಲಿರುತ್ತೋ ಅಲ್ಲಿ" ಅಂದರು. "ಎಂಟಕ್ಕೆ ಗೇಟು, ಹನ್ನೊಂದಕ್ಕೆ ಬೇವಿನ ಮರ, ಎರಡಕ್ಕೆ ಊಟದ ಹಾಲಿನ ಮೆಟ್ಟಿಲು. ಇವತ್ತು ಸಾಹೇಬರು ಗೇಟಲ್ಲೇ ಇರು ಅಂದಿದ್ದಾರೆ, ಬೇಯ್ತಿದ್ದೀನಿ."

ಮೆಟ್ಟಿಲು ಅಗಲವಾಗಿವೆ, ಒಂಬತ್ತು ಇವೆ. ಮೇಲೆ ತೆರೆದ ಆಕಾಶ, ಕೆಳಗೆ ಪೂರ್ತಿ ನೆರಳು. ತಾತನನ್ನೇ ಮೂರು ಮೆಟ್ಟಿಲ ಮೇಲೆ ನಿಲ್ಲಿಸಿ ನೋಡಿದೆ. ಕಣ್ಣಿನ ಕೆಳಗೆ ಕಪ್ಪಿಲ್ಲ. ತಲೆಯ ಹಿಂದೆ ಮಾತ್ರ ಒಂದು ಪೈಪು ಕೊಂಬಿನ ಹಾಗೆ ಎದ್ದಿತ್ತು. ಎರಡು ಹೆಜ್ಜೆ ಎಡಕ್ಕೆ ಹೋದೆ, ಕೊಂಬು ಹೋಯಿತು. ಮ್ಯಾನೇಜರ ಕೋಣೆಗೆ ಹೋಗಿ ಜಾಗ ಬದಲಾಗಿದೆ ಅಂತಲೂ, ಮುಂದಿನ ಸಾಲಿಗೆ ನಾಲ್ಕು ಬೆಂಚು ಬೇಕು ಅಂತಲೂ ಹೇಳಿ ಬಂದೆ.

ದಾರಿಯಲ್ಲಿ ತುಂಬ ಬಿಸಿಲು. ಮನೆಗೆ ಬಂದು ಎರಡು ಚೊಂಬು ನೀರು ಕುಡಿದೆ.

ಮಾರ್ಚ್ 8, ಶನಿವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಎರಡು ಗಂಟೆಗೆ ಸೈರನ್ನು ಆಯಿತು. ಒಳಗಿನವರು ಹೊರಗೆ, ಹೊರಗಿನವರು ಒಳಗೆ. ಎರಡು ಪಾಳಿಯವರು ಒಬ್ಬರನ್ನೊಬ್ಬರು ನೋಡುವುದೇ ಅಪರೂಪವಂತೆ, ಹಾಗಾಗಿ ಎಲ್ಲರಿಗೂ ಎಲ್ಲರ ಜೊತೆ ಮಾತು. ಮೆಟ್ಟಿಲ ಮೇಲೆ ನಿಲ್ಲಿಸಲು ಮಾವ ಕೈಸನ್ನೆ ಮಾಡಿದರು, ನಾನು ಓಡಾಡಿ ಒಬ್ಬೊಬ್ಬರನ್ನೇ ಸರಿಸಿದೆ. ಅಮ್ಮನ ಜೊತೆ ನೂಲಿನ ಉರುಳೆ ಸುತ್ತುತ್ತಿದ್ದ ಬಾಬಿನ್ ಅಕ್ಕ ಎರಡನೇ ಸಾಲಿನಲ್ಲಿ ನಿಂತು, "ಏನೇ, ಮಾವನಿಗೆ ಬಾಯಿಲ್ಲ, ಸೊಸೆಗೂ ಇಲ್ವಾ? ನಾವು ಫೋಟೋಗೆ ನಿಂತಿದ್ದೀವೋ ಮೌನಕ್ಕೆ ನಿಂತಿದ್ದೀವೋ?" ಅಂದರು. ಪ್ರತಿ ಫೋಟೋದಲ್ಲೂ ಕುಗ್ಗಿ ನಿಲ್ಲುವ ಹಿಂದಿನ ಸಾಲಿನ ಉದ್ದಣ್ಣ, "ಕೂಗಮ್ಮ, ಯಂತ್ರದ ಸದ್ದಿಗೆ ನಮಗೆ ಅರ್ಧ ಕಿವುಡು!" ಅಂದರು. ಎಲ್ಲರೂ ನಕ್ಕರು. ನಕ್ಕು ಮತ್ತೆ ತಮ್ಮತಮ್ಮ ಮಾತಿಗೆ ಹೋದರು.

ನಾನು ಸ್ಟೂಲು ಹತ್ತಿ ನಿಂತೆ. "ಎಲ್ಲರೂ ಕಣ್ಣು ಮುಚ್ಚಿ" ಅಂದೆ. ಮೊದಲ ಸಾಲಿನಲ್ಲಿ ಇಬ್ಬರು ಮುಚ್ಚಿದರು. ಇನ್ನೊಂದು ಸಲ ಅಂದೆ. ಆ ಇಬ್ಬರು ಕಣ್ಣು ತೆರೆದು "ಆಯ್ತಾ?" ಅಂದರು. ಸಾಲಿನ ಅಂಚಿನಲ್ಲಿ ನಿಂತಿದ್ದ ಮ್ಯಾನೇಜರು ಗಡಿಯಾರ ನೋಡುತ್ತ ಬೆರಳು ತೋರಿಸಿದರು, ಇನ್ನು ಮೂರೇ ನಿಮಿಷ. ಅವರ ಇನ್ನೊಂದು ಕೈಯಲ್ಲಿ ಫೋನಿತ್ತು. ಮಾವ ಚಪ್ಪಾಳೆ ತಟ್ಟಿದರು. ಸ್ಲೇಟು ಎತ್ತಿ ಬಡಿದರು. ಯಾರಿಗೂ ಕೇಳಲಿಲ್ಲ. ಮೇಲಿನ ಸಾಲಿನಿಂದ ಯಾರೋ ಇಳಿಯತೊಡಗಿದರು.

ಆಗ ನನ್ನ ಬಲಗಡೆ, ಒಂದು ಮಾರು ದೂರದಲ್ಲಿ, ಮಾವ ಎದೆ ತುಂಬ ಉಸಿರು ಎಳೆದುಕೊಂಡದ್ದು ಕಾಣಿಸಿತು. ಭುಜ ಮೇಲೆ ಹೋದವು. ಬಾಯಿ ತೆರೆಯಿತು.

"ಮಾವಾ! ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ!"

ತಗಡಿನ ಶೆಡ್ಡಿಗೆ ಬಡಿದು ಅದು ಇನ್ನೊಂದು ಸಲ ಕೇಳಿಸಿತು. ಯಾರು ಕೂಗಿದ್ದು ಅಂತ ನಾನೇ ಒಂದು ಕ್ಷಣ ನೋಡಿದೆ.

ಇಳಿಯುತ್ತಿದ್ದವರು ಅಲ್ಲೇ ನಿಂತರು. ಮಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಪೆಟ್ಟು ತಿಂದ ಶಾಲೆಯ ಹುಡುಗನ ಹಾಗೆ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ನೂರ ಹನ್ನೆರಡು ಜನ ಒಮ್ಮೆಗೇ ನಕ್ಕರು. ನನ್ನ ಮೊಣಕೈ ಪಕ್ಕೆಗೆ ಒತ್ತಿದ್ದವು, ಉಸಿರು ಹೊರಗೆ ಹೋಗಿತ್ತು. ಒತ್ತಿದೆ. ಒತ್ತುತ್ತಲೇ ಇದ್ದೆ. ಆಮೇಲೆ ಕಣ್ಣು ಮುಚ್ಚಿಸಿ, ಮೂರು ಎಣಿಸಿ ಮತ್ತೆ ಆರು ತೆಗೆದೆ. ಉದ್ದಣ್ಣನಿಗೆ, "ಕುಗ್ಗಬೇಡಿ ಅಣ್ಣಾ, ನಿಮ್ಮ ಎತ್ತರಕ್ಕೇ ಜಾಗ ಬಿಟ್ಟಿದ್ದೀನಿ" ಅಂತಲೂ ಹೇಳಿದೆ ಅನ್ನಿಸುತ್ತದೆ.

ಒಂಬತ್ತೂವರೆ ನಿಮಿಷ.

ದಾರಿಯುದ್ದಕ್ಕೂ ಮಾವನ ಮುಖ ನೋಡಲಾಗಲಿಲ್ಲ. ದೊಡ್ಡವರಿಗೆ, ಅಷ್ಟು ಜನರ ಮುಂದೆ. ಮನೆಗೆ ಬಂದು ಕಾಲು ಮುಟ್ಟಿ ತಪ್ಪಾಯಿತು ಅಂದೆ. ಮಾವ ಸ್ಲೇಟು ಎತ್ತಿಕೊಂಡರು. ಏನೋ ಬರೆದು ಒರೆಸಿದರು. ಮತ್ತೆ ಬರೆದು ಒರೆಸಿದರು. ಕೊನೆಗೆ ಸ್ಲೇಟನ್ನು ಪಕ್ಕಕ್ಕಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟರು.

ನನ್ನ ಗಂಟಲು ಸ್ವಲ್ಪ ನೋಯುತ್ತಿದೆ. ಬಿಸಿಲಿಗೆ ಇರಬೇಕು.

ಮಾರ್ಚ್ 10, ಸೋಮವಾರ

ಫೋಟೋ ಆರಿಸಲು ಕೂತೆವು. ಕಣ್ಣು ಮುಚ್ಚಿಸಿ ತೆಗೆದವುಗಳಲ್ಲಿ ನಾಲ್ಕನೆಯದು ಸರಿಯಾಗಿದೆ. ಇನ್ನೂರ ಇಪ್ಪತ್ತನಾಲ್ಕು ಕಣ್ಣುಗಳೂ ತೆರೆದಿವೆ, ಎಲ್ಲವೂ ಕ್ಯಾಮೆರಾ ನೋಡುತ್ತಿವೆ. ನಾನೇ ಎಣಿಸಿದೆ. ಮಾವನೂ ಎಣಿಸಿದರು.

ಆದರೆ ಅವರು ಆರಿಸಿದ್ದು ಅದನ್ನಲ್ಲ. ಮೊದಲ ನಗುವಿನದನ್ನು. ಬಾಬಿನ್ ಅಕ್ಕ ಪಕ್ಕದವರ ಭುಜ ಹಿಡಿದುಕೊಂಡು ಬಗ್ಗಿದ್ದಾರೆ. ಉದ್ದಣ್ಣ ಮೊದಲ ಸಲ ನೆಟ್ಟಗೆ ನಿಂತಿದ್ದಾರೆ. ಮ್ಯಾನೇಜರೂ ಅಂಚಿನಲ್ಲಿ ಫೋನು ಕೆಳಗಿಳಿಸಿ ನಗುತ್ತಿದ್ದಾರೆ.

"ಬೇಡ ಮಾವ" ಅಂದೆ. "ಒಬ್ಬರೂ ಕ್ಯಾಮೆರಾ ನೋಡ್ತಿಲ್ಲ. ಎಲ್ಲರ ಕಣ್ಣೂ ಪಕ್ಕಕ್ಕಿದೆ. ಇಬ್ಬರು ನಗೋಕೆ ಹೋಗಿ ಕಣ್ಣೂ ಮುಚ್ಚಿದ್ದಾರೆ. ನೀವೇ ಬೈತಿದ್ರಿ ಇಂಥದ್ದಕ್ಕೆ."

ಮಾವ ಬರೆದರು: "ಮುಚ್ಚಿದ್ರೆ ಮುಚ್ಚಿರಲಿ. ಚೆನ್ನಾಗಿದೆ."

ಅದನ್ನು ಓದಿದಾಗ, ಅಮ್ಮನ ಫೋಟೋದ ಬಗ್ಗೆ ಹೇಳಬೇಕು ಅಂದುಕೊಂಡಿದ್ದನ್ನು ಹೇಳಿದೆ. ಗೋಡೆಗೆ ಒರಗಿ ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದುದು, ನೂಲಿನ ಎಳೆ ಆರಿಸುತ್ತಿದ್ದುದು, ನನಗೆ ಅದೇ ಇಷ್ಟ ಅನ್ನುವುದು. ಮಾವ ಕಂಪ್ಯೂಟರನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು.

ಮೂವತ್ತೆರಡನೆಯ ಫೋಟೋ ಅದೇ. ಮಿಲ್ಲಿನ ಊಟದ ಹಾಲಿನಲ್ಲಿ ಉಳಿದ ಎಲ್ಲ ಫೋಟೋಗಳಲ್ಲಿರುವವರು ನಮ್ಮನ್ನು ನೋಡುತ್ತಾರೆ. ಇದರಲ್ಲಿ ಮಾತ್ರ ಎಲ್ಲರೂ ಚೌಕಟ್ಟಿನ ಆಚೆ, ಒಂದು ಮಾರು ಬಲಕ್ಕೆ, ಏನನ್ನೋ ನೋಡಿ ನಗುತ್ತಿದ್ದಾರೆ. ಇನ್ನು ಮೂವತ್ತು ವರ್ಷ ಕಳೆದು ಅಲ್ಲಿ ಊಟಕ್ಕೆ ಕೂತವರು ಅಲ್ಲಿ ಏನಿತ್ತು ಅಂತ ಕೇಳಬಹುದು. ಅಲ್ಲಿ ಬಾಯಿ ಮುಚ್ಚಿಕೊಂಡು ನಮ್ಮ ಮಾವ ಇದ್ದರು.

ಮಾರ್ಚ್ 20, ಗುರುವಾರ

ಕೆಲಸ ಜಾಸ್ತಿಯಾಗಿ ಬರೆಯಲು ಪುರಸೊತ್ತೇ ಆಗಿಲ್ಲ. ಇವತ್ತು ನೆಲ ಒರೆಸುವಾಗ ನೋಡಿದರೆ ಬಳಪದ ಗೆರೆಗಳು ಒಂದೂ ಇಲ್ಲ. ಯಾವಾಗ ಅಳಿಸಿಹೋದವೋ.

ನಿನ್ನೆ ಡಾಕ್ಟರು ಮಾವನಿಗೆ ಮಾತಾಡಲು ಬಿಟ್ಟರು. ದಿನಕ್ಕೆ ಐದೇ ನಿಮಿಷ, ಅದೂ ಮೆಲ್ಲಗೆ. ದನಿ ಬಂದಿದೆ. ಆದರೆ ಹಳೆಯ ದನಿಯಲ್ಲ. ತೆಳ್ಳಗೆ, ಅಂಚು ಸವೆದ ಹಾಗೆ. ನಿನ್ನೆ ಮೊದಲ ಸಲ "ಇಲಿಮರಿ" ಅಂದಾಗ ಯಾರೋ ಬಂದರೇನೋ ಅಂತ ಬಾಗಿಲ ಕಡೆ ನೋಡಿದೆ. ಹಳೆಯ ದನಿಯನ್ನು ಇನ್ನು ಕೇಳುವುದು ನೆನಪಿನಲ್ಲಿ ಮಾತ್ರ. ಇವತ್ತು ಹೊಸದಕ್ಕೆ ಸ್ವಲ್ಪ ಅಭ್ಯಾಸವಾಗಿದೆ.

ಐದು ನಿಮಿಷವನ್ನು ಮಾವ ಬೆಳಿಗ್ಗೆಯಿಂದ ಖರ್ಚು ಮಾಡದೆ ಇಟ್ಟುಕೊಂಡಿದ್ದರು. ಅತ್ತೆ ಏನು ಕೇಳಿದರೂ ತಲೆಯಾಡಿಸಿಯೇ ಉತ್ತರ. ಸಂಜೆ ಒಬ್ಬ ಬಸ್ ಡ್ರೈವರು ಪಾಸ್‌ಪೋರ್ಟ್ ಫೋಟೋಗೆ ಬಂದರು. ನಮಗೆ ಗುರುತಿಲ್ಲದವರು, ಯಾರೋ ಗದರಿಸಿ ಕೂರಿಸಿದ ಹಾಗೆ ಕೂತಿದ್ದರು. ನಾನು ಕ್ಯಾಮೆರಾ ಸರಿ ಮಾಡಿಕೊಳ್ಳುತ್ತಿದ್ದೆ. ಮಾವ ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂತು ಶುರು ಮಾಡಿಯೇಬಿಟ್ಟರು: "ನಮ್ಮ ಹುಡುಗಿ ಮೊನ್ನೆ ಏನು ಮಾಡಿದಳು ಗೊತ್ತಾ? ನೂರ ಹನ್ನೆರಡು ಜನ..."

ಮಿಲ್ಲು, ಎರಡು ಪಾಳಿ, ಮ್ಯಾನೇಜರ ಗಡಿಯಾರ, ಇಳಿಯತೊಡಗಿದ ಜನ, ಒಂದನ್ನೂ ಬಿಡಲಿಲ್ಲ. ಡ್ರೈವರು ಬಾಯಿ ತೆರೆದು ಕೇಳುತ್ತಿದ್ದರು. "ಆಗ ನಾನು ಉಸಿರು ಎಳ್ಕೊಂಡೆ" ಅಂತ ಮಾವ ಎದೆಯುಬ್ಬಿಸಿದರು. ಅಷ್ಟರಲ್ಲಿ ಅತ್ತೆ ಬಂದು ಗಡಿಯಾರ ತೋರಿಸಿದರು. ಐದು ನಿಮಿಷ ಮುಗಿದಿತ್ತು. ಮಾವ ಬಾಯಿ ಮುಚ್ಚಿ, ಅಸಹಾಯಕರಾಗಿ ನನ್ನ ಕಡೆ ನೋಡಿದರು.

"ಅಯ್ಯೋ, ಆಮೇಲೆ?" ಅಂದರು ಡ್ರೈವರು. "ಆಮೇಲೆ ಏನಾಯ್ತು?"

ನಾನು ಕ್ಯಾಮೆರಾ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಅವರೆದುರು ಕೂತು ಉಳಿದದ್ದನ್ನು ಹೇಳಿದೆ.